ಬಾರಿಬೀಜದಷ್ಟು ಗಂಟು

“ನಾಳಿ ಎಲ್ಲಿಗರೆ ಹೋಗೂದೈತೇನ್ರಿ?” ಎಂದು ಸುನಿತಾ ಚಹಾದ ಬಟ್ಟಲು ಮುಂದಿಟ್ಟು ಕೇಳಿದಾಗ ಲಗಮಣ್ಣ ಇಲ್ಲ ಎಂದುಬಿಟ್ಟ. ಅಂದ ಮೇಲೆ ಆ ಇಲ್ಲ ಎನ್ನುವುದು ಬಾಯಿಯಲ್ಲೇ ಉಳಿಯಿತು, ಚಹಾ ಕುಡಿದರೂ ಇಳಿಯಲಿಲ್ಲ. ನಾಳೆ ಮಂಗಳವಾರ. ಹನ್ನೊಂದಕ್ಕೆ ಮಿರಜಿನ ಆಸ್ಪತ್ರೆಯಲ್ಲಿರಬೇಕು, ಅದೂ ಒಬ್ಬನೇ ಅಲ್ಲ, ಇವಳನ್ನೂ ಕರೆದುಕೊಂಡು. ಡಾಕ್ಟರ್ ಪ್ರಾಜಕ್ತಾಬಾಯಿ ಬೆರಳೆತ್ತಿ ಎರಡು ಸಲ ಹೇಳಿದ್ದಳು, ಬಾಯ್ಕೋಲಾ ಘೇಊನ್ ಯಾ, ಹೆಂಡತೀನ್ನ ಕರಕೊಂಡು ಬರ್ರಿ, ಒಬ್ಬರೇ ಬಂದರೆ ಹೊರಗೇ ಕೂಡಿಸ್ತೀನಿ ಅಂತ. ನಾಲ್ಕು ದಿನವಾಯಿತು. ನಾಲ್ಕು ದಿನವೂ ಮುಂಜಾನೆ ಎದ್ದು ಇವತ್ತು ಹೇಳಿಬಿಡೋಣ ಅಂದುಕೊಳ್ಳುವುದು, ಅವಳು ಎದುರಿಗೆ ಬಂದ ಕೂಡಲೇ ಹಗ್ಗ ಎಲ್ಲಿಟ್ಟಿ, ಬಕೆಟ್ ಎಲ್ಲಿಟ್ಟಿ ಎಂದು ಏನಾದರೊಂದು ಕೇಳಿ ತಪ್ಪಿಸಿಕೊಳ್ಳುವುದು. ಈಗಲೂ ಅದೇ ಆಯಿತು. ಬೆಳುಂಕಿಯ ಗುರುಸಿದ್ದ ಟಗರು ನೋಡಲಿಕ್ಕೆ ಕರೆದಿದ್ದಾನೆ ಎಂದು ಹೇಳಿ ಮೋಟರ್‌ಸೈಕಲ್ ಹತ್ತಿದ. ಅದಾದರೂ ಖರೆ ಮಾತು ಎಂದು ಸ್ವಲ್ಪ ಸಮಾಧಾನವಾಯಿತು. ಹೆಂಡತಿಗೆ ಒಂದು ಖರೆ ಮಾತು ಹೇಳಿದ್ದಕ್ಕೆ ಸಮಾಧಾನಪಡುವ ಗತಿ ಬಂತಲ್ಲ ಶಿವನೇ ಎಂದು ತಿಕೋಂಡಿಯ ಶಾಲೆ ದಾಟುವಾಗ ನಾಚಿಕೆಯೂ ಆಯಿತು.

ಗುರುಸಿದ್ದನ ಅಂಗಳದಲ್ಲಿ ಟಗರನ್ನು ಬೇವಿನ ಗಿಡಕ್ಕೆ ಕಟ್ಟಿದ್ದರು. ಅಪ್ಪಟ ಮಾಡಗ್ಯಾಳ ತಳಿ, ಗಿಣಿಮೂಗು, ಎತ್ತರದ ಕಾಲು, ಬಿಳಿ ಮೈಮೇಲೆ ಕಂದು ಮಚ್ಚೆ. ಇಂಥ ಟಗರನ್ನು ಹಿಂಡಿಗೆ ಬಿಡುವ ಮೊದಲು ಈ ಸೀಮೆಯ ಮಂದಿ ಲಗಮಣ್ಣನನ್ನು ಕರೆಸುತ್ತಾರೆ. ಅವನು ಹಿಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಬೀಜ ಎರಡನ್ನೂ ಅಂಗೈಯಲ್ಲಿ ಹಿಡಿದು ತೂಗುತ್ತಾನೆ. ಎರಡೂ ಸಮ ಇರಬೇಕು, ಚರ್ಮದೊಳಗೆ ಸರಾಗ ಜಾರಬೇಕು, ಒತ್ತಿದರೆ ಮೆತ್ತಗಾಗದೆ ಗಟ್ಟಿಯೂ ಆಗದೆ ಇರಬೇಕು. ನೋಡಿ ಎದ್ದು ಕೈ ತೊಳೆದುಕೊಂಡು ಅವನು ಹೇಳುವುದು ಎರಡೇ ಮಾತು. ಇಡ್ರಿ, ಇಲ್ಲವೇ ತಗೀರಿ. ತಗೀರಿ ಅಂದರೆ ಆ ಟಗರಿನ ಬೀಜ ಒಡೆಸಬೇಕು, ಇಲ್ಲ ಕಸಾಯಿಗೆ ಕೊಡಬೇಕು. ಅವನ ಅಪ್ಪ ಶಿದ್ರಾಯನೂ ಎರಡೇ ಮಾತು ಹೇಳುತ್ತಿದ್ದ. ಅವನಿಂದಲೇ ಮಗನಿಗೆ ಈ ಕೈ ಬಂತು, ಕೈಯ ಲಗಮಣ್ಣ ಎನ್ನುವ ಹೆಸರೂ ಬಂತು. ಇವತ್ತು ಕಣ್ಣು ಮುಚ್ಚಿ ಅಂಗೈ ಒಡ್ಡಿದಾಗ ಬಲಗಡೆಯದು ಸರಿಯಾಗಿಯೇ ಇತ್ತು. ಎಡಗಡೆಯದರ ತಳದಲ್ಲಿ ಹೆಬ್ಬೆರಳಿಗೆ ಏನೋ ತಾಗಿತು. ಸಣ್ಣದು, ಗಟ್ಟಿ. ಲಗಮಣ್ಣನದೂ ಎಡಗಡೆಯೇ.

ಕಣ್ಣು ತೆರೆಯಲಿಲ್ಲ. ತೆರೆದರೆ ಗುರುಸಿದ್ದ ಕೇಳುತ್ತಾನೆ. ಹೆಬ್ಬೆರಳು ಅಲ್ಲೇ ನಿಂತಿತು, ಟಗರು ಒಮ್ಮೆ ಕಾಲು ಕೊಡವಿ ಸುಮ್ಮನಾಯಿತು. ತನ್ನ ಮನೆಯ ಟಗರು ಬಾಳ್ಯಾ ಹೀಗೆ ಸುಮ್ಮನಿರುತ್ತಿರಲಿಲ್ಲ. ತಾಯಿ ಸತ್ತ ಮರಿ ಅದು. ಸುನಿತಾ ಅದನ್ನು ಮಗಳು ಸೃಷ್ಟಿಯ ಹಳೆಯ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು, ದೊಡ್ಡ ಟಗರಾದ ಮೇಲೂ ಅಡುಗೆಮನೆಯ ಹೊಸ್ತಿಲಿಗೆ ತಲೆಯಿಟ್ಟು ಮಲಗುತ್ತಿದ್ದದ್ದು, ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಎಲ್ಲಿದ್ದರೂ ಓಡಿಬರುತ್ತಿದ್ದದ್ದು. ಮೂರು ವರ್ಷದ ಹಿಂದೆ ಒಂದು ದಿನ ಅದು ಕುಂಟುತ್ತ ಬಂತು. ಲಗಮಣ್ಣ ಕೈ ಹಚ್ಚಿ ನೋಡಿದರೆ ಒಂದು ಕಡೆ ಬಿಸಿ, ಬಾವು, ನಡುವೆ ಗಂಟು. ಮುಟ್ಟಿದರೆ ಒದೆಯುತ್ತಿತ್ತು. ನೋವಿದ್ದ ಗಂಟು ಹಿಂಡಿಗೆಲ್ಲ ಹತ್ತುವ ರೋಗ, ನೋವಿಲ್ಲದ ಗಂಟು ಹಳೆಯ ಒದೆತದ್ದು ಎಂದು ಅಪ್ಪ ಕಲಿಸಿದ್ದ. ತಗೀಬೇಕು ಎಂದ. ಸುನಿತಾ ಎರಡು ದಿನ ತಡೀರಿ ಎಂದು ಕೈ ಹಿಡಿದಳು. ಊರಿನವರ ಟಗರನ್ನೆಲ್ಲ ತಗೀರಿ ಅನ್ನುವವನು ತನ್ನ ಮನೆಯ ಟಗರಿಗೆ ಬೇರೆ ನ್ಯಾಯ ಮಾಡಿದರೆ ಮಂದಿ ಏನೆಂದಾರು ಎಂದು ಅವನು ಅವತ್ತೇ ಅದನ್ನು ಕಸಾಯಿ ತಾನಾಜಿಗೆ ಕೊಟ್ಟುಬಿಟ್ಟ. ಮರುದಿನ ತಾನಾಜಿ ಜತ್ತದ ಪೇಟೆಯಲ್ಲಿ ಸಿಕ್ಕಾಗ ನಕ್ಕೋತ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ತೋರಿಸಿದ. ಒಂದು ಜಾಲಿಮುಳ್ಳು. “ಗಂಟಿನೊಳಗ ಇದs ಇತ್ತು ನೋಡಪಾ, ಸುತ್ತ ನಾಕು ಹನಿ ಕೀವು. ರೋಗಿಲ್ಲ ಏನಿಲ್ಲ.” ಲಗಮಣ್ಣ ಆ ಮುಳ್ಳನ್ನು ಇಸಿದುಕೊಂಡು ದಾರಿಯಲ್ಲಿ ಬಿಸಾಕಿ ಮನೆಗೆ ಬಂದ. ಸುನಿತಾಗೆ ಹೇಳಲಿಲ್ಲ. ಅವಳು ಎಂಟು ದಿನ ರೊಟ್ಟಿ ಬಡಿಯುವಾಗ ಬಾಗಿಲ ಕಡೆ ನೋಡುತ್ತಿದ್ದಳು.

“ಏನಂತೈತೋ ನಿನ್ನ ಕೈ?” ಎಂದು ಗುರುಸಿದ್ದ ಕೇಳಿದ. ಲಗಮಣ್ಣ ಬಾಯಿ ಬಿಡದೆ ಎಡಗೈ ಎತ್ತಿ ತಡಿ ಎಂದು ಸನ್ನೆ ಮಾಡಿದ. ಈ ಟಗರಿನ ಗಂಟು ಬಿಸಿಯಿರಲಿಲ್ಲ. ಒತ್ತಿದರೆ ನೋವೂ ಇಲ್ಲ. ಅಪ್ಪನ ಲೆಕ್ಕದಲ್ಲಿ ಇಡ್ರಿ ಎನ್ನಬೇಕು. ಅದೇ ಲೆಕ್ಕವೇ ತನ್ನನ್ನು ಹಾಳು ಮಾಡಿದ್ದಲ್ಲವೇ? ಒಂಬತ್ತು ತಿಂಗಳ ಹಿಂದೆ, ಶಿವರಾತ್ರಿ ಮುಗಿದ ವಾರ, ಬಚ್ಚಲಲ್ಲಿ ಸಾಬೂನು ಹಚ್ಚಿಕೊಳ್ಳುವಾಗ ತನ್ನದೇ ಬೆರಳಿಗೆ ತನ್ನದೇ ಗಂಟು ಸಿಕ್ಕಿತ್ತು. ಬಾರಿಹಣ್ಣು ತಿಂದು ಉಗುಳಿದ ಬೀಜದಷ್ಟು. ಒತ್ತಿ ನೋಡಿದ, ನೋವಿಲ್ಲ. ಸರಿ, ಎಂದೋ ಟಗರು ಒದ್ದದ್ದು, ಒದೆತ ಗಂಟಾಗಿ ಉಳಿದಿದೆ, ಇಡ್ರಿ ಎಂದು ತನಗೆ ತಾನೇ ಹೇಳಿಕೊಂಡು ತಲೆಗೆ ನೀರು ಸುರಿದುಕೊಂಡ. ನೂರಾರು ಟಗರು ನೋಡಿದ ಕೈ ತನ್ನ ಮೈಯ ವಿಷಯದಲ್ಲಿ ತಪ್ಪೀತೇ ಎಂಬ ಸೊಕ್ಕೂ ಇತ್ತು, ಸುಳ್ಳು ಯಾಕೆ? ಆದರೆ ಬೆರಳು ಬಿಡಲೊಲ್ಲದು. ದಿನಾ ಹೋಗಿ ಅದನ್ನೇ ಹುಡುಕುತ್ತಿತ್ತು, ಸಿಕ್ಕಿದರೆ ಬೇಸರ, ಸಿಗದಿದ್ದರೆ ಇನ್ನೂ ಹುಡುಕಾಟ. ಸುನಿತಾ ಹತ್ತಿರ ಬಂದರೆ ಸೊಂಟ ನೋವು, ಕುರಿ ಹಿಂದೆ ಅಡ್ಡಾಡಿ ದಣಿವು ಎಂದು ಆಚೆ ಹೊರಳುತ್ತಿದ್ದ. ಅವಳು ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಚಲೋ ಆಗುತ್ತಿತ್ತು ಎಂದು ಅವಳ ಮೇಲೆಯೇ ಸಿಟ್ಟು ಬರುತ್ತಿತ್ತು. ಎಂಥಾ ಮನುಷ್ಯನಪ್ಪ ನಾನು!

ಕೊನೆಗೆ ಲಸಿಕೆ ಹಾಕಲಿಕ್ಕೆ ಬಂದ ದನದ ಡಾಕ್ಟರ್ ಕಲ್ಮೇಶನ ಹತ್ತಿರ, ಎಲ್ಲರೂ ಚದುರಿದ ಮೇಲೆ, ಯಾರದೋ ಸುದ್ದಿ ಎನ್ನುವ ಹಾಗೆ ಕೇಳಿದ್ದ. ಒಂದು ಟಗರಿಗೆ ಎಡಗಡೆ ಗಂಟು ಆಗೈತ್ರಿ, ನೋವಿಲ್ಲ, ಬಿಸಿಯಿಲ್ಲ, ಮೇಯುತ್ತೈತಿ ಚಲೋತ್ನ್ಯಾಗ. ಕಲ್ಮೇಶ ಸೂಜಿ ತೊಳೆಯುತ್ತಲೇ, “ಟಗರಿನ ವಯಸ್ಸೆಷ್ಟೋ?” ಎಂದ. “ಮೂವತ್ತಾರು ರೀ” ಎಂದುಬಿಟ್ಟ ಲಗಮಣ್ಣ. ಅಂದ ಮೇಲೆ ನೆಲ ಬಾಯಿ ತೆರೆದರೆ ಒಳಗೆ ಹೋಗುತ್ತಿದ್ದ. ಕಲ್ಮೇಶ ನಗಲಿಲ್ಲ. ಸೂಜಿ ಕೆಳಗಿಟ್ಟು, ಕೈ ಒರೆಸಿಕೊಂಡು, ಹತ್ತಿರ ಬಂದು ಮೆಲ್ಲಗೆ ಹೇಳಿದ. “ಲಗಮಣ್ಣಾ, ಆ ಟಗರನ್ನ ಲಗೂನ ಮಿರಜಕ್ಕ ಕರಕೊಂಡು ಹೋಗು. ಟಗರಿನ ಲೆಕ್ಕ ಮನಷ್ಯಾಗ ಹತ್ತಂಗಿಲ್ಲ. ಮನಷ್ಯಾನಾಗ ನೋವಿಲ್ಲದ್ದನ್ನ ಮೊದಲ ತೋರಸ್ಬೇಕು.” ಅವತ್ತು ಅವನ ಗೌರವವನ್ನು ಕಾಯ್ದದ್ದು ಆ ಒಂದು ಟಗರು ಎನ್ನುವ ಮಾತು. ಮನುಷ್ಯರಲ್ಲಿ ಇಂಥವರೂ ಇರುತ್ತಾರೆ.

ಮಿರಜಿಗೆ ಹೋದ ಗುರುವಾರ ಕುರಿಸಂತೆಗೆ ಎಂದು ಹೇಳಿ ಹೋಗಿದ್ದ. ಸೋನೋಗ್ರಾಫಿಯ ಕತ್ತಲೆ ಕೋಣೆಯಲ್ಲಿ ಧೋತರ ಸಡಿಲಿಸಿ ಅಂಗಾತ ಮಲಗಬೇಕಾಯಿತು, ತಣ್ಣನೆಯ ಅಂಟು ಹಚ್ಚಿದರು, ಹುಡುಗಿಯೊಬ್ಬಳು ಅತ್ತ ಮುಖ ಮಾಡಿ ನಂಬರು ಬರೆದುಕೊಳ್ಳುತ್ತಿದ್ದಳು. ಲಗಮಣ್ಣ ಛತ್ತಿನ ಪಂಖ ನೋಡುತ್ತ, ನಾನು ಕೈ ಹಚ್ಚುವಾಗ ಟಗರುಗಳಿಗೂ ಹೀಗೇ ಆಗುತ್ತಿರಬೇಕು ಎಂದುಕೊಂಡ. ಈ ಮಾತು ಇಷ್ಟು ವರ್ಷದಲ್ಲಿ ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಆಮೇಲೆ ಪ್ರಾಜಕ್ತಾಬಾಯಿ ಎದುರಿಗೆ ಕೂಡಿಸಿಕೊಂಡು ಅವನ ಮೈಯ ಸುದ್ದಿಯನ್ನು ಒಂದು ಚೂರೂ ನಾಚಿಕೆಯಿಲ್ಲದೆ ಹೇಳಿದಳು. ಮೊದಲು ತಲೆ ತಗ್ಗಿಸಿಯೇ ಕೇಳಿದ, ಬರಬರುತ್ತ ತಲೆ ತಾನೇ ಎದ್ದಿತು. ಗಂಟು ಹನ್ನೊಂದು ಮಿಲಿಮೀಟರ್. ರಕ್ತದಲ್ಲಿ ಕೆಟ್ಟದ್ದು ಏನೂ ಕಾಣುತ್ತಿಲ್ಲ, ಅದು ಚಲೋ ಸುದ್ದಿ. ಆದರೆ ರಕ್ತ ಸರಿಯಿದೆ ಅಂದಮಾತ್ರಕ್ಕೆ ಗಂಟು ಸರಿಯಿದೆ ಅಂತ ಅಲ್ಲ. ಕ್ಯಾನ್ಸರೇನ್ರಿ ಎಂದು ಅವನು ಕೇಳಿದ. ಹೌದು ಅನ್ನಲಾರೆ, ಅಲ್ಲ ಅಂತಲೂ ಅನ್ನಲಾರೆ ಎಂದಳು. ಹಾಗಾದರೆ ಸೂಜಿ ಚುಚ್ಚಿ ನೋಡ್ರಲಾ ಎಂದ. ಈ ಜಾಗಕ್ಕೆ ಚುಚ್ಚಬಾರದು, ಕೆಟ್ಟದ್ದೇ ಆಗಿದ್ದರೆ ಚುಚ್ಚಿದ ದಾರಿಯಲ್ಲಿ ಹೊರಗೆ ಹರಡಬಹುದು ಎಂದಳು. ಕಿಬ್ಬೊಟ್ಟೆಯ ಕೆಳಗೆ ಕೊಯ್ದು, ಬೀಜವನ್ನು ಮೇಲಿನಿಂದಲೇ ಹೊರಗೆ ತಂದು, ಗಂಟನ್ನಷ್ಟೇ ತೆಗೆದು, ಅವನು ಟೇಬಲ್ ಮೇಲೆ ಮಲಗಿರುವಾಗಲೇ ಒಳಗಿನ ಡಾಕ್ಟರರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಳ್ಳೆಯದಿದ್ದರೆ ಉಳಿದದ್ದನ್ನು ಒಳಗೇ ಇಟ್ಟು ಹೊಲಿಯುವುದು, ಕೆಟ್ಟದ್ದಿದ್ದರೆ ಆ ಒಂದನ್ನು ಪೂರ್ತಿ ತೆಗೆಯುವುದು. ಒಂದು ಉಳಿದರೂ ಸಂಸಾರಕ್ಕೆ, ಮಕ್ಕಳಿಗೆ ಸಾಮಾನ್ಯವಾಗಿ ಸಾಕು. ಬೇಕಿದ್ದರೆ ಮೊದಲೇ ವೀರ್ಯ ತೆಗೆದಿಡಲಿಕ್ಕೂ ಬರುತ್ತದೆ, ಅದಕ್ಕೇ ಹೆಂಡತಿ ಬರಬೇಕು ಅಂದದ್ದು. “ಅಷ್ಟು ಮಾಡಿದ ಮ್ಯಾಲೂ ಕೆಲವೊಂದು ಗಂಟು ಚಲೋದೋ ಕೆಟ್ಟದ್ದೋ ಅಂತ ಯಾರಿಗೂ ಹೇಳ್ಲಿಕ್ಕೆ ಬರೋದಿಲ್ಲ, ಲಗಮಣ್ಣ. ಆಗ ಮೂರು ತಿಂಗಳಿಗೊಮ್ಮೆ ಬರಬೇಕು, ನೋಡ್ಕೋತ ಇರಬೇಕು. ನೋಡ್ಕೋತ ಇರೋದೂ ಔಷಧಾನೇ.” ಅವನಿಗೆ ತಡೆಯಲಾಗಲಿಲ್ಲ. “ಅದೆಲ್ಲಾ ಇರಲಿ ಬಾಯಾರ, ನೀವು ಕೈ ಹಚ್ಚಿ ನೋಡಿದ್ರೆಲ್ಲಾ, ನಿಮ್ಮ ಕೈ ಏನಂತೈತಿ?” ಎಂದ. ಪ್ರಾಜಕ್ತಾಬಾಯಿ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡು, “ಇಷ್ಟರ ಮಟ್ಟಿಗೆ ನನ್ನ ಕೈ ನಾನು ನಂಬೋದಿಲ್ಲ” ಎಂದಳು. ಸಣ್ಣ ವಯಸ್ಸಿನ ಹೆಣ್ಣುಮಗಳು, ಎಷ್ಟು ಆರಾಮಾಗಿ ಹೇಳಿಬಿಟ್ಟಳು.

“ಲಗಮಣ್ಣಾ, ನಿದ್ದಿ ಮಾಡಿದ್ಯೋ ಏನು?” ಎಂದು ಗುರುಸಿದ್ದ ಕೇಳಿದ, ಸಂಗಡ ನಿಂತವರು ನಕ್ಕರು. ಲಗಮಣ್ಣ ಕಣ್ಣು ತೆರೆದ. ಟಗರು ಕತ್ತು ಹೊರಳಿಸಿ ಅವನನ್ನೇ ನೋಡುತ್ತಿತ್ತು. ಎದ್ದು, ಕೊಡದ ನೀರಿನಲ್ಲಿ ಕೈ ತೊಳೆದುಕೊಂಡು, ಇಡ್ರಿ ಎನ್ನಲಿಕ್ಕೆ ಬಾಯಿ ತೆರೆದ, ಬರಲಿಲ್ಲ. ತಗೀರಿ ಎನ್ನಲಿಕ್ಕೂ ಬರಲಿಲ್ಲ.

“ನನಗ ಗೊತ್ತಾಗವಲ್ದು” ಎಂದ.

ಗುರುಸಿದ್ದ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯದೆ, “ಆಂ?” ಎಂದ.

“ಎಡಗಡಿ ಒಂದು ಗಂಟೈತಿ. ಚಲೋದೋ ಕೆಟ್ಟದ್ದೋ ನನ್ನ ಕೈಗಿ ತಿಳೀವಲ್ದು. ಒಂದಿಷ್ಟು ದಿನ ಹಿಂಡಿನಾಗ ಬಿಡಬ್ಯಾಡ್ರಿ, ಬ್ಯಾರೆ ಕಟ್ಟ್ರಿ.”

“ಅಲ್ಲೋ ಮಾರಾಯಾ, ನೀನs ತಿಳೀವಲ್ದು ಅಂದ್ರ ನಾವು ಯಾರನ್ನ ಕೇಳೂನು? ನಿಮ್ಮಪ್ಪ ಇದ್ದಿದ್ರ ಹಿಂಗ ಅಂತಿದ್ದಿಲ್ಲ ನೋಡು.” ಪಕ್ಕದವನೊಬ್ಬ, ಕೈ ಬಿಟ್ಟಿತು ಕಾಣ್ತೈತಿ, ಎಂದು ಮೆಲ್ಲಗೆ ಅಂದದ್ದು ಲಗಮಣ್ಣನ ಕಿವಿಗೂ ಬಿತ್ತು. ಅಪ್ಪ ಇದ್ದಿದ್ದರೆ ಹೀಗೆ ಅನ್ನುತ್ತಿರಲಿಲ್ಲ, ಹೌದು. ಆದರೆ ಅಪ್ಪ ತಗೀರಿ ಎಂದ ಟಗರುಗಳ ಒಳಗೆ ಎಷ್ಟು ಮುಳ್ಳಿದ್ದವೋ ಯಾರಿಗೆ ಗೊತ್ತು? ಅಪ್ಪ ಕಸಾಯಿಯನ್ನು ಒಮ್ಮೆಯೂ ಕೇಳಿದವನಲ್ಲ. ಚಹಾ ಕುಡಿದು ಹೋಗು ಎಂದರೂ ನಿಲ್ಲದೆ ಲಗಮಣ್ಣ ಹೊರಟುಬಿಟ್ಟ.

ದಾರಿಯುದ್ದಕ್ಕೂ ಜೋಳ ಮೊಳಕಾಲೆತ್ತರ ಬಂದಿತ್ತು. ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದು ಹೊರಟ ನಾಲ್ಕೈದು ಹೆಂಗಸರು ಅಡ್ಡ ಬಂದು ದಾರಿ ಬಿಟ್ಟರು. ಗಾಡಿ ನಿಲ್ಲಿಸಿ ಒಂದು ಬನ್ನಿಗಿಡದ ಕೆಳಗೆ ಸುಮ್ಮನೆ ಕೂತ. ಸಾಯುವ ಅಂಜಿಕೆ ಇತ್ತು, ಅದನ್ನು ಒಪ್ಪಿಕೊಳ್ಳಲಿಕ್ಕೆ ಅವನಿಗೇನೂ ನಾಚಿಕೆಯಿರಲಿಲ್ಲ. ನಾಚಿಕೆ ಇದ್ದದ್ದು ಬೇರೆಯದಕ್ಕೆ. ಒಂದನ್ನು ತೆಗೆದರೆಂದರೆ ಊರಿನ ಬಾಯಲ್ಲಿ ತಾನು ಯಾವ ಸಾಲಿಗೆ ಸೇರುತ್ತೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೀಜ ಒಡೆದ ಟಗರುಗಳನ್ನು ನೋಡಿ ನಕ್ಕವರಲ್ಲಿ ತಾನೇ ಮೊದಲಿಗ. ಸಂತೆಯಲ್ಲಿ ಕೈಯ ಲಗಮಣ್ಣ ಬಂದ ಎನ್ನುವ ಬದಲು ಇನ್ನೇನೋ ಅಂದಾರು. ಸುನಿತಾ ಅನ್ನುವುದಿಲ್ಲ. ಆದರೆ ಅವಳು ಅನ್ನದೆ ಇರುವುದನ್ನು ದಿನಾ ನೋಡಬೇಕಲ್ಲ, ಅದೇ ಕಷ್ಟ. ಮತ್ತೆ ಅವಳ ಕೈ ನೆನಪಾಯಿತು, ಎರಡು ದಿನ ತಡೀರಿ ಎಂದು ತೋಳು ಹಿಡಿದ ಹಿಟ್ಟಿನ ಕೈ. ಆ ಕೈಯನ್ನು ತಾನು ಕೊಡವಿ ಬಿಡಿಸಿಕೊಂಡಿದ್ದ. ಲಗಮಣ್ಣನ ಕಣ್ಣಲ್ಲಿ ನೀರು ಬಂತು, ಅಲ್ಲಿ ನೋಡುವವರು ಯಾರೂ ಇರಲಿಲ್ಲವಾಗಿ ಒರೆಸಿಕೊಳ್ಳಲೂ ಇಲ್ಲ.

ಮನೆ ಸೇರಿದಾಗ ಬಿಸಿಲು ಇಳಿದಿತ್ತು. ಸೃಷ್ಟಿ ಪಕ್ಕದ ಮನೆಗೆ ಓದಲಿಕ್ಕೆ ಹೋಗಿದ್ದಳು. ಸುನಿತಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಲಗಮಣ್ಣ ಹೊಸ್ತಿಲ ಮೇಲೆ ಕೂತ. ಕೂತ ಮೇಲೆ ಅದು ಬಾಳ್ಯಾ ಮಲಗುತ್ತಿದ್ದ ಜಾಗ ಎಂದು ತಿಳಿಯಿತು. ಮಿರಜಿನ ಸುದ್ದಿ ಹೇಳಬೇಕೆಂದು ಬಾಯಿ ತೆರೆದರೆ ಬೇರೆಯದೇ ಬಂತು.

“ಬಾಳ್ಯಾನ ಗಂಟಿನ್ಯಾಗ ಜಾಲಿಮುಳ್ಳು ಇತ್ತು.”

ರೊಟ್ಟಿಯ ಸಪ್ಪಳ ನಿಂತಿತು. “ಯಾರು ಹೇಳಿದ್ರು?”

“ತಾನಾಜಿ. ಮರುದಿನಾನ ಹೇಳಿದ್ದ. ಮುಳ್ಳು ತೋರಿಸಿದ್ದ.”

“ಮುಳ್ಳು ತಗದಿದ್ರ ಬದಕ್ತಿತ್ತೇನ್ರಿ?”

“ಹೂಂ.”

ಸುನಿತಾ ಮತ್ತೆ ರೊಟ್ಟಿ ಬಡಿದಳು, ಅದು ಹರಿಯಿತು. ಹಿಟ್ಟನ್ನು ಮುದ್ದೆ ಮಾಡಿ ಬದಿಗಿಟ್ಟಳು. ಹಂಚಿನ ಮೇಲಿನದು ಕರಕಾಗುತ್ತಿತ್ತು, ತೆಗೆಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, “ಮೂರು ವರ್ಷ ಇಟ್ಟುಕೊಂಡು ಈಗ್ಯಾಕ ಹೇಳ್ಲಾಕತ್ತೀರಿ?” ಎಂದಳು.

ಆಗ ಹೇಳಿದ. ಬಚ್ಚಲು, ಸಾಬೂನು, ಬಾರಿಬೀಜ, ಕಲ್ಮೇಶ, ಕುರಿಸಂತೆಯಲ್ಲದ ಗುರುವಾರ, ಹೌದು ಅಂತಲೂ ಅಲ್ಲ ಅಂತಲೂ ಅನ್ನದ ಡಾಕ್ಟರಬಾಯಿ, ಇವತ್ತು ಗುರುಸಿದ್ದನ ಟಗರಿನಲ್ಲಿ ಸಿಕ್ಕ ಗಂಟು, ನಾಳೆಯ ಹನ್ನೊಂದು ಗಂಟೆ. ಹಿಂದುಮುಂದಾಗಿ ಹೇಳಿದ, ನೆಲ ನೋಡುತ್ತ ಹೇಳಿದ. ಒಂದನ್ನು ತೆಗೆಯಬೇಕಾಗಬಹುದು ಎನ್ನುವುದನ್ನು ಬೇರೆ ಯಾರದೋ ದನಿಯಲ್ಲಿ ಹೇಳಿದ. ಮುಗಿದಾಗ ಕರಕಾದ ರೊಟ್ಟಿಯ ಹೊಗೆ ಇಬ್ಬರ ನಡುವೆಯೂ ಇತ್ತು.

“ಬಾಳ್ಯಾಗ ಎಷ್ಟು ದಿನಾ ಕೊಟ್ರಿ?” ಎಂದು ಸುನಿತಾ ಕೇಳಿದಳು.

ಅವನಿಗೆ ಅರ್ಥವಾಗಲಿಲ್ಲ. “ಅವತ್ತ ಕೊಟ್ನೆಲ್ಲಾ. ಒಂದ ದಿನಾ.”

“ನಿಮಗ?”

ಲಗಮಣ್ಣ ಬೆರಳು ಎಣಿಸುವವನ ಹಾಗೆ ಕೈ ನೋಡಿಕೊಂಡ. “ಒಂಬತ್ತು ತಿಂಗಳಾ.”

“ಮುಳ್ಳಿದ್ದದ್ದಕ್ಕ ಒಂದು ದಿನಾ. ಏನೈತಿ ಅಂತ ಗೊತ್ತಿಲ್ಲದ್ದಕ್ಕ ಒಂಬತ್ತು ತಿಂಗಳಾ.” ಅವಳ ದನಿ ಒಡೆಯಿತು. “ಒಂಬತ್ತು ತಿಂಗಳಾ ನಾ ಏನಂತ ತಿಳ್ಕೊಂಡಿದ್ನಿ ಗೊತ್ತೈತೇನ್ರಿ? ನನ್ನ ಮ್ಯಾಲ ಮನಸ್ಸು ತೀರೇತಿ ಅಂತ. ಬ್ಯಾರೆ ಯಾವಕಿನೋ ನೋಡ್ಯಾರಂತ. ದಾನಮ್ಮಗ ಐದು ಸೋಮವಾರ ನಡದು ಹೋಗಿ ಬಂದೀನಿ ನಾ, ನಿಮ್ಮ ಮನಸ್ಸು ತಿರುಗಲಿ ಅಂತ.” ಅತ್ತುಬಿಟ್ಟಳು, ಅತ್ತುಕೊಂಡೇ ನಕ್ಕಳು. “ಥೂ ನಿಮ್ಮ! ಗಂಟಾಗೈತಿ ಅಂದಿದ್ರ ನಡಿಯೂದರೆ ತಪ್ಪತಿತ್ತಲ್ಲ ನನಗ.”

ಲಗಮಣ್ಣನೂ ನಕ್ಕ, ನಗು ಅರ್ಧಕ್ಕೇ ನಿಂತಿತು. ಸುನಿತಾ ಕರಕಾದ ರೊಟ್ಟಿ ತೆಗೆದು ಒಲೆ ಸಣ್ಣ ಮಾಡಿದಳು. ಕೈಯ ಹಿಟ್ಟು ತೊಳೆದು ಸೆರಗಿಗೆ ಒರೆಸಿಕೊಂಡಳು, ಬಾಗಿಲು ಮುಂದೆ ಮಾಡಿದಳು. “ಎಲ್ಲೈತಿ, ತೋರಸ್ರಿ” ಎಂದಳು. ಅವನು ಅವಳ ಕೈ ಹಿಡಿದು ತೋರಿಸಿದ. ಅವಳ ಬೆರಳು ನೀರಿನಿಂದ ತಣ್ಣಗಿದ್ದವು. ಅವಳು ತೂಗಲಿಲ್ಲ, ಒತ್ತಲಿಲ್ಲ, ಬರೀ ಕೈ ಇಟ್ಟುಕೊಂಡು ಕೂತಳು, ಜ್ವರ ಬಂದ ಮಗುವಿನ ಹಣೆಯ ಮೇಲೆ ಇಟ್ಟ ಹಾಗೆ. ಏನನ್ನಿಸ್ತೈತಿ ಎಂದು ಅವನು ಕೇಳಬೇಕೆಂದಿದ್ದ, ಕೇಳಲಿಲ್ಲ. ಒಂಬತ್ತು ತಿಂಗಳಲ್ಲಿ ಮೊದಲ ಸಲ ಆ ಜಾಗ ತನ್ನದೇ ಮೈಯ ಜಾಗ ಎನ್ನಿಸಿತು.

ಮುಂಜಾನೆ ಏಳಕ್ಕೆ ಇಬ್ಬರೂ ಬಸ್‌ಸ್ಟ್ಯಾಂಡಿಗೆ ಬಂದರು. ಸುನಿತಾ ಒಳ್ಳೆಯ ಸೀರೆ ಉಟ್ಟು, ರಿಪೋರ್ಟಿನ ಚೀಲವನ್ನು ತಾನೇ ಹಿಡಿದುಕೊಂಡಿದ್ದಳು. ಕಟ್ಟೆಯ ಮೇಲೆ ಮುದುಕ ದುಂಡಪ್ಪ, ಸಾಂಗಲಿಗೆ ಹೊರಟ ಇಬ್ಬರು, ಹಾಲಿನ ಕ್ಯಾನಿನವರು, ಎಲ್ಲರೂ ಪರಿಚಯದ ಮುಖಗಳೇ. ಲಗಮಣ್ಣ ಸ್ವಲ್ಪ ದೂರವೇ ನಿಂತ. ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಹೇಳಲು ಹೆಂಡತಿಯ ತವರಿನ ಒಂದು ಸುಳ್ಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಬೆಳುಂಕಿಯ ಗುರುಸಿದ್ದ. ಎತ್ತಲೋ ಬೇಡವೋ ಎಂದು ನೋಡುತ್ತಿದ್ದಂತೆ ಸುನಿತಾ ಅವನ ಕೈಯಿಂದ ಫೋನು ಇಸಿದುಕೊಂಡಳು. ಕಿವಿಗೆ ಹಚ್ಚಿ, ಊರೆಲ್ಲ ಕೇಳುವಷ್ಟು ಜೋರಾಗಿಯೇ ಮಾತಾಡಿದಳು.

“ಗುರುಸಿದ್ದಣ್ಣಾರ, ನಾ ಸುನಿತಾ ರೀ. ಟಗರ ಸುದ್ದಿ ಏನ್ರಿ? ಅದಕ್ಕ ಏನೂ ಮಾಡ್ಲಾಕ ಹೋಗಬ್ಯಾಡ್ರಿ, ಕಲ್ಮೇಶ ಡಾಕ್ಟರಿಗಿ ತೋರಸ್ರಿ. ಒಳಗ ಮುಳ್ಳರೆ ಇರಬೋದು. ಇವ್ರಾ? ಇವ್ರು ಇವತ್ತ ಬರಾಂಗಿಲ್ರಿ. ಇವರಿಗೂ ಅಲ್ಲೇ ಒಂದು ಗಂಟಾಗೈತಿ, ಎಂಥಾದಂತ ಇನ್ನಾ ಗೊತ್ತಿಲ್ಲ. ತೋರಸ್ಲಾಕ ಮಿರಜಕ್ಕ ಹೊಂಟೀವಿ.”

ಹಾಲಿನವನು ಕ್ಯಾನಿನ ಮುಚ್ಚಳ ಹಿಡಿದುಕೊಂಡೇ ನಿಂತ. ಲಗಮಣ್ಣನಿಗೆ ಓಡಿಹೋಗಲೇ ಎನ್ನಿಸಿತು. ಯಾರೂ ನಗಲಿಲ್ಲ. ದುಂಡಪ್ಪ ಕೆಮ್ಮಿ, ಸಾಮಾನು ಗಂಟು ಕಟ್ಟಿಟ್ಟಿದ್ದ ರುಮಾಲನ್ನು ಬದಿಗೆ ಸರಿಸಿ, ಕಟ್ಟೆಯ ಮೇಲೆ ಇಬ್ಬರು ಕೂಡುವಷ್ಟು ಜಾಗ ಮಾಡಿದ. “ಬಾ ಲಗಮಣ್ಣಾ, ಕುಂದ್ರು. ಬಸ್ಸು ಇನ್ನಾ ತಡಾ ಐತಿ.” ಲಗಮಣ್ಣ ಹೋಗಿ ಕೂತ. ಸುನಿತಾ ಪಕ್ಕದಲ್ಲಿ ಕೂತು, ಎಲ್ಲರ ಎದುರಿಗೇ ಅವನ ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

“ಎಲ್ಲಾರ ಮುಂದ ಹೇಳಿಬಿಟ್ಟೆಲ್ಲಾ” ಎಂದ ಅವನು, ಅವಳಿಗಷ್ಟೇ ಕೇಳುವಂತೆ.

“ಬಾಳ್ಯಾನ ಸುದ್ದಿ ನೀವು ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಅದನ್ನ ಕಳಕೊಂಡ್ನಿ” ಎಂದಳು ಸುನಿತಾ. “ಈ ಸಲ ಎಲ್ಲಾರಿಗೂ ಹೇಳ್ತೀನಿ.”